ಗೀರು ಬಿದ್ದ ವೈಸರ್‌ಗೆ ಟೂತ್‌ಪೇಸ್ಟ್ ಮದ್ದಲ್ಲ

ಹೆಲ್ಮೆಟ್‌ನ ವೈಸರ್ ಮೇಲೆ ಗೀರು ಬಿದ್ದಿದೆಯೇ? ಟೂತ್‌ಪೇಸ್ಟ್ ಹಚ್ಚಿ ಉಜ್ಜಿ, ಐದೇ ನಿಮಿಷದಲ್ಲಿ ಹೊಸದಾಗುತ್ತದೆ ಎನ್ನುವ ವಿಡಿಯೋಗಳು ಮೊಬೈಲ್‌ನಲ್ಲಿ ತಿರುಗುತ್ತಲೇ ಇರುತ್ತವೆ. ನಾವು ನೇರವಾಗಿ ಹೇಳುತ್ತೇವೆ: ಉಜ್ಜಬೇಡಿ, ವೈಸರ್ ಬದಲಿಸಿ.

ಗೀರು ಎಂದರೆ ಕೊಳೆಯಲ್ಲ, ಸಣ್ಣ ತಗ್ಗು. ಅದು ಹೋಗಬೇಕಾದರೆ ಸುತ್ತಲಿನ ಪ್ಲಾಸ್ಟಿಕ್ಕನ್ನು ತಗ್ಗಿನ ಮಟ್ಟಕ್ಕೆ ಸವೆಸಬೇಕು. ಟೂತ್‌ಪೇಸ್ಟ್‌ನಲ್ಲಿರುವ ನುಣ್ಣನೆಯ ಪುಡಿ ಮಾಡುವುದು ಇದನ್ನೇ. ಫೋಟೋ ಫ್ರೇಮಿನ ಅಕ್ರಿಲಿಕ್ ಹಾಳೆಗೆ ಈ ಉಪಾಯ ನಡೆಯುತ್ತದೆ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಒಳ್ಳೆಯ ವೈಸರ್ ಪಾಲಿಕಾರ್ಬೊನೇಟ್‌ನದು. ಅದು ಸುಲಭವಾಗಿ ಒಡೆಯುವುದಿಲ್ಲ, ಆದರೆ ಸುಲಭವಾಗಿ ಗೀರು ಬೀಳುತ್ತದೆ. ಅದಕ್ಕೇ ಮೇಲೊಂದು ಗಟ್ಟಿ ಲೇಪ ಕೊಟ್ಟಿರುತ್ತಾರೆ. ಉಜ್ಜಿದರೆ ಮೊದಲು ಹೋಗುವುದು ಆ ಲೇಪ. ಆಮೇಲೆ ಮೊದಲಿಗಿಂತ ಬೇಗ ಗೀರು ಬೀಳುತ್ತದೆ. ಕೊಬ್ಬರಿ ಎಣ್ಣೆ ಸವರಿದರೆ ಗೀರು ಕೆಲ ಹೊತ್ತು ಮರೆಯಾಗುತ್ತದೆ, ಮರುಗಳಿಗೆ ಧೂಳು ಮೆತ್ತಿಕೊಳ್ಳುತ್ತದೆ. ಪೆಟ್ರೋಲ್ ಹಚ್ಚಿದರಂತೂ ಪ್ಲಾಸ್ಟಿಕ್ಕೇ ಬಿರುಕು ಬಿಡಬಹುದು.

ಹಗಲಲ್ಲಿ ಹೊಳೆಯುವುದನ್ನು ತೋರಿಸಿ ವಿಡಿಯೋ ಮುಗಿಸುತ್ತಾರೆ. ರಾತ್ರಿ ಅದೇ ವೈಸರನ್ನು ಬೀದಿದೀಪದತ್ತ ಹಿಡಿದು ನೋಡಿ, ನಿಜ ಗೊತ್ತಾಗುತ್ತದೆ.

ನಮ್ಮ ಕುಳಗೇರಿ ಕ್ರಾಸ್ ಇರುವುದು ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲೆ. ರಾತ್ರಿ ಎದುರಿಗೆ ಲಾರಿ ಬಂದಾಗ ಒಂದೊಂದು ಗೀರೂ ಬೆಳಕನ್ನು ಹಿಡಿದು ಚೆದುರಿಸುತ್ತದೆ, ಕಣ್ಣ ಮುಂದೆ ಬೆಳಕಿನ ಜೇಡರಬಲೆ. ಅಂಚಿನಲ್ಲಿ ನಡೆದು ಹೋಗುವವರು, ದೀಪವಿಲ್ಲದ ಚಕ್ಕಡಿ ಯಾವುದೂ ಕಾಣುವುದಿಲ್ಲ. ಕಾಣದೆ ವೈಸರ್ ಮೇಲೆತ್ತಿದರೆ ಕಣ್ಣಿಗೆ ಹುಳ. ಬೇಸತ್ತು ಹೆಲ್ಮೆಟ್ಟನ್ನೇ ತೆಗೆದು ಟ್ಯಾಂಕ್ ಮೇಲಿಟ್ಟರೆ ತಲೆಗೆ ಕಾವಲೇ ಇಲ್ಲ.

“ವೈಸರ್‌ಗೆ ಯಾರು ರೊಕ್ಕ ಹಾಕ್ತಾರ್ರೀ?” ಎಂದು ಕೇಳುವವರಿದ್ದಾರೆ. ಬೈಕಿನ ಆಯಿಲ್‌ಗೆ ಹಾಕುವುದಿಲ್ಲವೇ? ಎಂಜಿನ್‌ಗೆ ತೋರಿಸುವ ಕಾಳಜಿಯನ್ನು ನಮ್ಮ ಕಣ್ಣಿಗೂ ತೋರಿಸೋಣ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಬೈಕ್ ಹೆಲ್ಮೆಟ್ ಮಾರುವಂತಿಲ್ಲ ಎಂಬ ನಿಯಮವಿದೆ. ಆದರೆ ಗುರುತಿದ್ದರಷ್ಟೇ ಸಾಲದು, ದಾರಿಯೂ ಕಾಣಬೇಕು. ಹೆಲ್ಮೆಟ್ ಕೊಳ್ಳುವಾಗಲೇ ಕೇಳಿ: ಇದರ ವೈಸರ್ ಬೇರೆಯಾಗಿ ಸಿಗುತ್ತದೆಯೇ? ಸಿಗದಿದ್ದರೆ ಅದನ್ನು ಅಲ್ಲೇ ಬಿಡಿ. ಹತ್ತು ಮಂದಿ ಹಾಗೆ ಬಿಟ್ಟು ಬಂದರೆ ಅಂಗಡಿಯವರೂ ವೈಸರ್ ತರಿಸಿಡುತ್ತಾರೆ. ರಾತ್ರಿ ಓಡಾಡುವವರು ಕಪ್ಪು ವೈಸರ್ ಕೊಳ್ಳಲೇಬೇಡಿ.

ಹೊಸದಕ್ಕೆ ಗೀರು ಬೀಳದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ. ಬಾದಾಮಿಯ ಗುಡ್ಡಗಳು ಮರಳುಗಲ್ಲಿನವು. ಅದರ ಉಸುಕಿನ ಕಣ ಗಾಜನ್ನೂ ಗೀರಬಲ್ಲದು, ಪ್ಲಾಸ್ಟಿಕ್ ಯಾವ ಲೆಕ್ಕ? ಧೂಳು ಕೂತ ವೈಸರನ್ನು ಟವೆಲ್ಲಿನಿಂದ ಒಣಗಿದ್ದಾಗಲೇ ಒರೆಸುವುದೂ ಒಂದೇ, ಉಸುಕು ಕಾಗದದಿಂದ ತಿಕ್ಕುವುದೂ ಒಂದೇ. ಮೊದಲು ನೀರು ಸುರಿಯಿರಿ. ಧೂಳು ಇಳಿದ ಮೇಲೆ ಒಂದು ಹನಿ ಶಾಂಪೂ ಹಾಕಿ, ಬೆರಳಿನಿಂದ ಮೆಲ್ಲಗೆ ಸವರಿ ತೊಳೆದು, ಮೆತ್ತನೆಯ ಹತ್ತಿ ಬಟ್ಟೆಯಿಂದ ಒತ್ತಿ ನೀರು ತೆಗೆಯಿರಿ. ಹೆಲ್ಮೆಟ್ ಕೆಳಗಿಡುವಾಗ ವೈಸರ್ ನೆಲಕ್ಕೆ ತಾಗದಿರಲಿ.

ಟೂತ್‌ಪೇಸ್ಟ್ ಹಲ್ಲಿಗಿರಲಿ. ಮುಂದಿನ ಸಂತೆಯ ಚೀಟಿಯಲ್ಲಿ ವೈಸರ್ ಎಂದು ಬರೆದುಕೊಳ್ಳಿ.