ಓಡದ ಕಾರಿನ ಪಾಲು

ಹಿರಿಯರು ಬಿಟ್ಟುಹೋದ ಬಂಗಾರಕ್ಕೆ ಪಾಲು ಕೇಳುವವರಿದ್ದಾರೆ, ಹೊಲಕ್ಕೆ ಕೇಳುವವರಿದ್ದಾರೆ, ಹಿತ್ತಾಳೆಯ ಹಂಡೆಗೂ ಕೇಳುವವರಿದ್ದಾರೆ. ಓಡದೆ ನಿಂತ ಕಾರಿಗೆ ಮಾತ್ರ ಯಾರೂ ಕೈಯೊಡ್ಡುವುದಿಲ್ಲ. ಮನೆಯನ್ನು ಪಾಲು ಮಾಡಿಕೊಳ್ಳುವ ದಿನ ಅದು ಎಲ್ಲರಿಗೂ ಅಡ್ಡವಾಗುತ್ತದೆ. ಆಗ ನೆನಪಾಗುವವನು ಗುಜರಿಯವನು.

ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿರುವ ನಂದಿಕೂರು ನಮ್ಮ ಓದುಗರಲ್ಲಿ ಹಲವರಿಗೆ ಪರಿಚಿತವೇ. ಕೊಂಕಣ ರೈಲು ಬಂದ ಮೇಲೆ, ಕೈಗಾರಿಕಾ ಪ್ರದೇಶ ಬೆಳೆದ ಮೇಲೆ, ಸಮೀಪದ ಎಲ್ಲೂರಿನಲ್ಲಿ ವಿದ್ಯುತ್ ಸ್ಥಾವರ ತಲೆಯೆತ್ತಿದ ಮೇಲೆ ಬಯಲುಸೀಮೆಯ ಕುಟುಂಬಗಳು ನೌಕರಿಯ ನಿಮಿತ್ತ ಇತ್ತ ಬಂದು ನೆಲೆಸಿವೆ. ನಾವೂ ಹಾಗೆಯೇ ಬಂದವರು. ನಾವು ಬಾಡಿಗೆಗೆ ಇದ್ದ ಮನೆಯ ಹಿಂದಿನ ಹಟ್ಟಿಯಲ್ಲಿ, ಹಸುಗಳು ಹೋದ ಮೇಲೆ ಉಳಿದ ಜಾಗದಲ್ಲಿ, ಒಂದು ಅಂಬಾಸಿಡರ್ ನಿಂತಿತ್ತು. 1967ರ ಮಾರ್ಕ್ 2. ನಂಬರ್ ಫಲಕದ ಮೇಲೆ ಇನ್ನೂ ಮೈಸೂರು ರಾಜ್ಯದ ಕಾಲದ ‘ಎಂವೈ’ ಅಕ್ಷರಗಳು. ಮನೆಯ ಯಜಮಾನರು ವೈದ್ಯರಾಗಿದ್ದರಂತೆ. ಬೆಳ್ಮಣ್ಣಿನವರೆಗೂ ರೋಗಿಗಳ ಮನೆಗೆ ಇದೇ ಕಾರಿನಲ್ಲಿ ಹೋಗುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಅದು ಕದಲಲಿಲ್ಲ.

ಮಕ್ಕಳು ಮೂವರು. ಹಿರಿಯರು ಮುಂಬಯಿಯಲ್ಲಿ, ನಡುವಿನವರು ಊರಿನಲ್ಲಿ, ಕಿರಿಯರು ಮಣಿಪಾಲದಲ್ಲಿ. ಜಾಗ ಪಾಲಾಗಬೇಕಿತ್ತು, ಹಟ್ಟಿ ತೆರವಾಗಬೇಕಿತ್ತು. ಗುಜರಿಯವರು ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋದರು. ಒಂದು ಟನ್ನಿಗೂ ಮಿಕ್ಕಿದ ಕಬ್ಬಿಣವಲ್ಲವೇ! ಹಿರಿಯರು ಕೊಟ್ಟುಬಿಡೋಣ ಎಂದರು. ಕಿರಿಯರು ಬೇಡ, ನಾನೇ ರಿಪೇರಿ ಮಾಡಿಸುತ್ತೇನೆ ಎಂದರು. “ನೀನು ಮಾಡಿಸುತ್ತೇನೆ ಎಂದು ಹೇಳಿ ಎಷ್ಟು ಮಳೆಗಾಲ ಆಯಿತು?” ಎಂದು ಹಿರಿಯರು ಕೇಳಿದ ಪ್ರಶ್ನೆಗೆ ಉತ್ತರವಿರಲಿಲ್ಲ. ತಾಯಿಯವರನ್ನು ಕೇಳಿದಾಗ ಅವರು ಹೇಳಿದ್ದಿಷ್ಟೇ: “ಓಡಿಸುವುದಾದರೆ ಇಟ್ಟುಕೊಳ್ಳಿ. ಸುಮ್ಮನೆ ನೋಡಲಿಕ್ಕಾದರೆ ಅವರ ಫೋಟೋ ಇದೆ.”

ಈ ಮಾತಿನ ಮೇಲೆ ಕುಟುಂಬ ಒಂದು ಒಪ್ಪಂದಕ್ಕೆ ಬಂತು. ಕಾರು ಕಿರಿಯರ ಪಾಲಿಗೆ. ಅದರ ಗುಜರಿ ಬೆಲೆಯನ್ನು ಅವರು ಅಣ್ಣಂದಿರಿಗೆ ಹಂಚಿಕೊಡಬೇಕು. ಎರಡು ವರ್ಷದೊಳಗೆ ಅದು ತನ್ನ ಚಕ್ರದ ಮೇಲೆ ಅಂಗಳ ದಾಟಬೇಕು. ಪ್ರೀತಿಯ ವಿಷಯದಲ್ಲಿ ಇಷ್ಟು ಖಡಾಖಂಡಿತ ಲೆಕ್ಕವೇ ಎಂದು ಕೆಲವರಿಗೆ ಅನ್ನಿಸೀತು. ನಮಗೆ ಮಾತ್ರ ಅದು ಬಹಳ ವಿವೇಕದ ನಡೆಯೆಂದೇ ತೋರಿತು. ನಾಡಿನಲ್ಲಿ ಎಷ್ಟೋ ಹಳೆಯ ಕಾರುಗಳು ಗುಜರಿಗೆ ಹೋಗುವುದು ದ್ವೇಷದಿಂದಲ್ಲ, ‘ಮುಂದೆ ನೋಡೋಣ’ ಎಂಬ ಮಾತಿನಿಂದ.

ಇನ್ನು ಕೆಲಸದ ವಿಚಾರ. ವಿಜಯಪುರ, ಕಲಬುರಗಿಯ ಕಡೆ ಕಾರು ಇಪ್ಪತ್ತು ವರ್ಷ ನಿಂತರೂ ಹೆಚ್ಚಿನಂಶ ಧೂಳೇ ಕೂಡುತ್ತದೆ. ರಬ್ಬರು ಒಣಗುತ್ತದೆ, ಬಣ್ಣ ಸುಡುತ್ತದೆ, ಕಬ್ಬಿಣ ಮಾತ್ರ ಉಳಿಯುತ್ತದೆ. ಕರಾವಳಿಯಲ್ಲಿ ಹಾಗಲ್ಲ. ಸಮುದ್ರದ ಉಪ್ಪುಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ತೇವ, ಇವೆರಡೂ ಸೇರಿ ತಗಡನ್ನು ಒಳಗಿನಿಂದ ತಿನ್ನುತ್ತವೆ. ಮೇಲೆ ಬಣ್ಣ ಹೊಳೆಯುತ್ತಿರುತ್ತದೆ, ಕೆಳಗೆ ನೆಲದ ತಗಡು ಬೆರಳಿಟ್ಟರೆ ಪುಡಿಯಾಗುತ್ತದೆ. ಅಂಬಾಸಿಡರಿನಲ್ಲಿ ಇದು ಬರಿಯ ಅಂದದ ಪ್ರಶ್ನೆಯಲ್ಲ. ಬಹಳ ಹಿಂದಿನ ಕಾರುಗಳಲ್ಲಿ ಗಟ್ಟಿಯಾದ ಚಾಸಿಯೊಂದು ಬೇರೆಯೇ ಇದ್ದು, ಅದರ ಮೇಲೆ ಬಾಡಿಯನ್ನು ಕೂರಿಸುತ್ತಿದ್ದರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯಿಂದ ಹುಟ್ಟಿದ ಅಂಬಾಸಿಡರಿನಲ್ಲಿ ಬಾಡಿಯೇ ಚಾಸಿ. ಬಾಗಿಲ ಕೆಳಗಿನ ಪಟ್ಟಿ ಮತ್ತು ನೆಲದ ತಗಡು ಕೊಳೆತರೆ ಕಾರಿನ ಬೆನ್ನೆಲುಬೇ ಕೊಳೆತಂತೆ.

ಆದುದರಿಂದ ಮೊದಲ ಹಣ ಬಣ್ಣಕ್ಕಲ್ಲ, ತಗಡಿಗೆ ಹೋಗಬೇಕು. ತುಕ್ಕು ಹಿಡಿದ ಭಾಗವನ್ನು ಒಳ್ಳೆಯ ಕಬ್ಬಿಣ ಸಿಗುವವರೆಗೂ ಕತ್ತರಿಸಿ, ಅದೇ ಆಕಾರದ ಹೊಸ ತಗಡನ್ನು ಬಡಿದು ಬಾಗಿಸಿ ವೆಲ್ಡ್ ಮಾಡಬೇಕು. ಇದನ್ನು ಬಲ್ಲ ಟಿಂಕರಿಂಗ್ ಕೆಲಸಗಾರರು ಕಡಿಮೆಯಾಗುತ್ತಿದ್ದಾರೆ. ಇಂದಿನ ಕಾರಿನಲ್ಲಿ ಬಾಗಿಲು ನಜ್ಜಾದರೆ ಹೊಸ ಬಾಗಿಲನ್ನೇ ತರಿಸುತ್ತಾರೆ. ಸುತ್ತಿಗೆ ಮತ್ತು ಅಡಿಗಲ್ಲಿನ ನಡುವೆ ತಗಡನ್ನು ಮತ್ತೆ ಉಬ್ಬಿಸುವ ವಿದ್ಯೆ ಯಾರಿಗೂ ಬೇಕಾಗುವುದಿಲ್ಲ. ಅದರ ಬದಲಿಗೆ ಬಳಕೆಯಲ್ಲಿರುವುದು ಪುಟ್ಟಿ. ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದರೆ ಒಂದು ವರ್ಷ ಕನ್ನಡಿಯಂತೆ ಕಾಣುತ್ತದೆ. ಎರಡನೆಯ ಮಳೆಗಾಲಕ್ಕೆ ಗುಳ್ಳೆ ಏಳುತ್ತದೆ. ಹಳೆಯ ಕಾರು ಕೊಳ್ಳಲು ಹೋಗುವವರು ಒಂದು ಸಣ್ಣ ಅಯಸ್ಕಾಂತವನ್ನು ತೆಳುಬಟ್ಟೆಯಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಹೋಗುವುದು ಲೇಸು. ಅದು ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ತಗಡಿಲ್ಲ, ಪುಟ್ಟಿಯಿದೆ.

ಎಂಜಿನ್ ಇದಕ್ಕಿಂತ ಸುಲಭ ಎಂದರೆ ಆಶ್ಚರ್ಯವಾದೀತು. ಅಂಬಾಸಿಡರಿನ 1489 ಸಿಸಿಯ ಬಿಎಂಸಿ ಎಂಜಿನ್ ಒರಟು ದೇಹದ್ದು. ಅದೇ ಕಾಲದ 1089 ಸಿಸಿಯ ಫಿಯಟ್ 1100ರ ಎಂಜಿನ್ ಸ್ವಲ್ಪ ನಾಜೂಕಿನದು. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ಸಿಲಿಂಡರಿನ ಗೋಡೆಗೆ ಅಂಟಿಕೊಂಡಿರುತ್ತವೆ. ಹೊಸ ಬ್ಯಾಟರಿ ತಂದು ಕೂಡಲೇ ಸ್ಟಾರ್ಟ್ ಮಾಡಹೊರಟರೆ ರಿಂಗು ಮುರಿಯುತ್ತದೆ. ನಾಲ್ಕೂ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ರಂಧ್ರಗಳಲ್ಲಿ ತೆಳುವಾದ ಎಣ್ಣೆ ಹೊಯ್ದು, ದಿನಗಟ್ಟಲೆ ಕಾದು, ಆಮೇಲೆ ಮುಂಭಾಗದ ಹ್ಯಾಂಡಲ್ ಹಾಕಿ ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಬೇಕು. ಒಂದು ಕೂದಲೆಳೆಯಷ್ಟು ಅಲುಗಿದರೂ ಆ ದಿನ ಮನೆಯಲ್ಲಿ ಪಾಯಸ ಮಾಡಬಹುದು! ಟ್ಯಾಂಕಿನ ಹಳೆಯ ಪೆಟ್ರೋಲು ಅಂಟಾಗಿ ಹೆಪ್ಪುಗಟ್ಟಿರುತ್ತದೆ. ಟ್ಯಾಂಕನ್ನು ಇಳಿಸಿ ತೊಳೆಯದೆ ಒಂದು ಹನಿಯನ್ನೂ ಕಾರ್ಬ್ಯುರೇಟರಿಗೆ ಬಿಡಬಾರದು.

ಬ್ರೇಕಿನ ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು. ಆ ಕಾಲದ ಅಂಬಾಸಿಡರಿನ ನಾಲ್ಕು ಚಕ್ರಗಳ ಬ್ರೇಕಿಗೂ ಎಣ್ಣೆಯ ಮಾರ್ಗ ಒಂದೇ. ಯಾವುದೇ ಒಂದು ಚಕ್ರದ ರಬ್ಬರ್ ಸೀಲು ಒಡೆದರೂ ನಾಲ್ಕೂ ಬ್ರೇಕುಗಳು ಹೋದಂತೆಯೇ. ಬ್ರೇಕ್ ಎಣ್ಣೆಯಾದರೋ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ನಮ್ಮ ಕರಾವಳಿಯಲ್ಲಿ ಅದಕ್ಕೆ ಬೇಕಾದಷ್ಟು ತೇವ ಸಿಗುತ್ತದೆ, ಒಳಗಿನಿಂದ ಸಿಲಿಂಡರು ತುಕ್ಕು ಹಿಡಿಯುತ್ತದೆ. ಕಾರು ಸ್ಟಾರ್ಟ್ ಆಯಿತೆಂಬ ಹರ್ಷದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಒಂದು ಸುತ್ತು ಹೊರಡುವವರಿದ್ದಾರೆ. ಓಡುವುದಕ್ಕಿಂತ ಮೊದಲು ನಿಲ್ಲುವುದನ್ನು ಖಚಿತಪಡಿಸಿಕೊಳ್ಳಬೇಕು. ಇಲಿ ಕಡಿದ ವೈರುಗಳಿಗೂ ಇದೇ ಮಾತು. ಅಲ್ಲಲ್ಲಿ ಟೇಪು ಸುತ್ತದೆ ಇಡೀ ವೈರಿಂಗನ್ನೇ ಬದಲಿಸಬೇಕು. ಹಿಂದಿನ ಚಕ್ರಗಳ ಪಟ್ಟಾಗಳು ಮುರಿದಿದ್ದರೆ ಹೆದರಬೇಕಿಲ್ಲ. ಬಸ್ಸು ಲಾರಿಗಳಿಗೆ ಪಟ್ಟಾ ಮಾಡಿದ ಮಂಗಳೂರಿನ ಕಡೆ ಆ ವಿದ್ಯೆ ಬಲ್ಲವರಿಗೆ ಬರವಿಲ್ಲ. ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳು ಇದ್ದೇ ಇವೆ. ಹಿಂದೂಸ್ತಾನ್ ಮೋಟಾರ್ಸಿನ ಉತ್ತರಪಾರಾ ಕಾರ್ಖಾನೆ 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಲ್ಲಿಸಿದರೂ, ಅಷ್ಟು ದಶಕ ಒಂದೇ ಕಾರನ್ನು ತಯಾರಿಸಿದ ಪುಣ್ಯ ಇಂದಿನವರಿಗೆ ದಕ್ಕುತ್ತಿದೆ.

ಹೀಗೆ ಬಿಚ್ಚುವ ಮುನ್ನ ಪ್ರತಿಯೊಂದು ಭಾಗದ ಚಿತ್ರ ತೆಗೆದು, ಚೀಟಿ ಕಟ್ಟಿ, ನಟ್ಟು ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಇಡಬೇಕೆಂಬುದನ್ನು ನಾವು ಕಂಡುಕೊಂಡದ್ದು ಕಾರಿನವರಿಂದಲ್ಲ, ಮಣಿಪಾಲದ ಹಸ್ತಶಿಲ್ಪ ಪರಂಪರೆಯ ಹಳ್ಳಿಯನ್ನು ನೋಡಿದಾಗ. ದಿವಂಗತ ವಿಜಯನಾಥ ಶೆಣೈಯವರು ಕೆಡವಲಿದ್ದ ಹಳೆಯ ಮನೆಗಳನ್ನು ತೊಲೆ, ಕಂಬ, ಬಾಗಿಲುಗಳ ಸಹಿತ ಬಿಚ್ಚಿ ತಂದು ಅಲ್ಲಿ ಮತ್ತೆ ಜೋಡಿಸಿದರು. ಕಾರ್ಕಳದ ಬಳಿಯ ಮಿಯಾರಿನ ಮನೆಯೂ ಅಲ್ಲಿದೆ, ಕುಕನೂರಿನ ಕಮಲ ಮಹಲೂ ಇದೆ. ಬಿಚ್ಚುವುದಕ್ಕೆ ಬಲ ಸಾಕು. ಮರಳಿ ಜೋಡಿಸಬೇಕಾದರೆ ಯಾವ ಬೆಣೆ ಎಲ್ಲಿಯದೆಂಬ ನೆನಪು ಬೇಕು. ಹಳೆಯ ಕಾರುಗಳ ಅರ್ಧದಷ್ಟು ದುರಂತಗಳು ಬಿಚ್ಚಿ ಗೋಣಿಚೀಲದಲ್ಲಿ ತುಂಬಿಟ್ಟಲ್ಲಿಗೆ ಮುಗಿದುಹೋಗಿವೆ.

ನಮ್ಮ ಸೀಮೆಯಲ್ಲಿ ಈ ಹವ್ಯಾಸಕ್ಕೆ ಗೌರವ ತಂದುಕೊಟ್ಟ ಸ್ಥಳವೆಂದರೆ ಧರ್ಮಸ್ಥಳ. ಅಲ್ಲಿನ ಧರ್ಮಾಧಿಕಾರಿಗಳಾದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಹಲವು ದಶಕಗಳಿಂದ ಸಂಗ್ರಹಿಸಿದ ಕಾರುಗಳು ಮಂಜೂಷಾ ವಸ್ತುಸಂಗ್ರಹಾಲಯದ ಜೊತೆಗೇ ಯಾತ್ರಿಕರ ಕಣ್ಣಿಗೆ ಬೀಳುತ್ತವೆ. ದೇವರ ದರ್ಶನಕ್ಕೆಂದು ಬಂದ ರೈತರು, ಹೆಂಗಸರು, ಮಕ್ಕಳು ಅಲ್ಲಿ ನಿಂತು ಕಾರುಗಳ ಮುಖ ನೋಡುವ ಬಗೆಯನ್ನು ಗಮನಿಸಬೇಕು. ಹಳೆಯ ಕಾರೆಂದರೆ ಅರಸರ, ಸಿರಿವಂತರ ಸೊತ್ತು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಮೈಸೂರಿನ ಅರಮನೆಯವರು ರೋಲ್ಸ್ ರಾಯ್ಸ್ ಕಾರುಗಳನ್ನು ಏಳರ ಲೆಕ್ಕದಲ್ಲಿ ತರಿಸುತ್ತಿದ್ದರೆಂಬ ಮಾತು ಆ ಕಂಪನಿಯವರಲ್ಲೇ ನಾಣ್ಣುಡಿಯಾಗಿತ್ತಂತೆ. ಧರ್ಮಸ್ಥಳದಲ್ಲಿ ಅಂತಹ ದೂರ ಇಲ್ಲ. 2023ರಲ್ಲಿ ಶ್ರೀರಂಗಪಟ್ಟಣದ ಬಳಿ, ಬೆಂಗಳೂರು–ಮೈಸೂರು ಹೆದ್ದಾರಿಯ ಪಕ್ಕದಲ್ಲಿ, ‘ಪಯಣ’ ಎಂಬ ಹೆಸರಿನ ಕಾರು ಸಂಗ್ರಹಾಲಯವೂ ಧರ್ಮಸ್ಥಳದ ವತಿಯಿಂದ ತೆರೆಯಿತು. ಮಕ್ಕಳನ್ನು ಮೈಸೂರಿನ ಪ್ರವಾಸಕ್ಕೆ ಕರೆದೊಯ್ಯುವವರು ಅಲ್ಲಿ ಒಂದು ಗಂಟೆ ಇಳಿಯಲಿ. ಅಂಬಾಸಿಡರ್, ಫಿಯಟ್ಟುಗಳನ್ನು ಹುಡುಕಿ ನೋಡಲಿ. ಐಷಾರಾಮಿ ಕಾರುಗಳಿಗಿಂತ ನಮ್ಮ ತಂದೆ ತಾಯಂದಿರ ಬದುಕನ್ನು ಬಲ್ಲವು ಅವೇ.

ಹಳೆಯ ಕಾರನ್ನು ಎಷ್ಟರಮಟ್ಟಿಗೆ ಹೊಸದಾಗಿಸಬೇಕು ಎಂಬ ವಾದ ಜಗತ್ತಿನಲ್ಲೆಲ್ಲ ಇದೆ. ಇಂತಹ ಸಂಘಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ‘ಫಿವಾ’ 2013ರಲ್ಲಿ ಟ್ಯೂರಿನ್ ಸನ್ನದನ್ನು ಅಂಗೀಕರಿಸಿ, ಇರುವುದನ್ನು ಉಳಿಸುವುದಕ್ಕೆ ಬದಲಾಯಿಸುವುದಕ್ಕಿಂತ ಹೆಚ್ಚಿನ ಮನ್ನಣೆಯಿತ್ತಿತು. ನಮ್ಮ ಅಭಿಪ್ರಾಯವೂ ಅದೇ. ಅಂಬಾಸಿಡರಿಗೆ ಜಪಾನಿನ ಡೀಸೆಲ್ ಎಂಜಿನ್ ಕೂರಿಸಿ, ಅಗಲವಾದ ಟೈರು ಹಾಕಿ, ಕೆಂಪು ಬಣ್ಣ ಬಳಿದರೆ ಅದು ಓಡಬಹುದು, ಮದುವೆಯ ದಿಬ್ಬಣಕ್ಕೂ ಒದಗಬಹುದು. ಆದರೆ ಅಪ್ಪನ ಕಾರಾಗಿ ಉಳಿಯುವುದಿಲ್ಲ. ವೈದ್ಯರ ಕಾರಿನ ಹಿಂದಿನ ಸೀಟಿನ ಒಂದು ತುದಿ, ಅವರು ಔಷಧದ ಪೆಟ್ಟಿಗೆ ಇಡುತ್ತಿದ್ದ ಜಾಗ, ಸವೆದು ತಗ್ಗಾಗಿತ್ತು. ಸೀಟಿನ ಹೊದಿಕೆಯನ್ನು ಬದಲಿಸಿದ ಕಿರಿಯರು ಆ ತಗ್ಗನ್ನು ತುಂಬಿಸಲಿಲ್ಲ. ಕುಶನ್ ಮಾಡುವವನಿಗೆ ಇದು ಅರ್ಥವಾಗದೆ ಮೂರು ಬಾರಿ ಕೇಳಿದನಂತೆ.

ಕಾನೂನೂ ಈಗ ಮೂಲ ರೂಪದ ಪರವಾಗಿಯೇ ಇದೆ. ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಮಾರ್ಪಾಡಾಗದ ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ. ಅದು 10 ವರ್ಷ ಊರ್ಜಿತ. ನವೀಕರಣಕ್ಕೆ 5,000 ರೂಪಾಯಿ ಎಂದು ಆ ನಿಯಮ ನಿಗದಿಪಡಿಸಿತು. ಹೊಸ ಸಂಖ್ಯೆಯಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಈಗಾಗಲೇ ನೋಂದಣಿ ಇರುವ ಕಾರು ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಆ ‘ಎಂವೈ’ ಫಲಕವನ್ನು ತೆಗೆಯಬೇಕಾಗಿಲ್ಲವೆಂದು ತಿಳಿದಾಗ ನಂದಿಕೂರಿನ ಮನೆಯಲ್ಲಿ ಆದ ಸಂತೋಷ ಎಂಜಿನ್ ಅಲುಗಿದ ದಿನದ್ದಕ್ಕಿಂತ ಕಡಿಮೆಯದಲ್ಲ. ಆದರೆ ವಿಂಟೇಜ್ ಆದ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಮುಂತಾದವುಗಳಿಗಷ್ಟೇ ರಸ್ತೆಗಿಳಿಯಬಹುದು. ಬಾಡಿಗೆಗೆ ಬಿಡುವ ಆಸೆಯಿದ್ದವರು ಈ ಹಾದಿಗೆ ಬರಬಾರದು. ಹಳೆಯ ಆರ್‌ಸಿ ಪುಸ್ತಕ ಮತ್ತು ವಿಮೆ ಬೇಕೇ ಬೇಕು. ಆದುದರಿಂದ ಪಾನಾ ಹಿಡಿಯುವ ಮೊದಲು ಮನೆಯ ಕಬ್ಬಿಣದ ಪೆಟ್ಟಿಗೆಗಳನ್ನು, ಹಿರಿಯರ ಕಡತಗಳನ್ನು ಹುಡುಕಿರಿ. ಕಾಗದ ಇರುವ ಕಾರಿಗೂ ಇಲ್ಲದ ಕಾರಿಗೂ ಅಜಗಜಾಂತರ.

ಖರ್ಚಿನ ಬಗೆಗೆ ಎರಡು ಮಾತು. ತಗಡು, ಎಂಜಿನ್, ಬ್ರೇಕು, ವೈರಿಂಗ್, ಬಣ್ಣ ಎಲ್ಲ ಸೇರಿದರೆ ಅಂಬಾಸಿಡರಿನ ದುರಸ್ತಿಗೆ ತಗಲುವ ಹಣ ಅದರ ಮಾರುಕಟ್ಟೆಯ ಬೆಲೆಯನ್ನು ಸುಲಭವಾಗಿ ದಾಟುತ್ತದೆ. ಇದರಲ್ಲಿ ಲಾಭ ಕಾಣುವವರು ವಿರಳ. ಸಾಲ ಮಾಡಿ, ಮಗಳ ಮದುವೆಗೆ ಕೂಡಿಟ್ಟ ಹಣ ತೆಗೆದು ಕೈ ಹಾಕುವ ಕೆಲಸ ಇದಲ್ಲವೇ ಅಲ್ಲ. ತಿಂಗಳಿಗೆ ಇಷ್ಟು ಎಂದು ಬದಿಗಿಟ್ಟು, ಒಂದೊಂದೇ ಭಾಗವನ್ನು ಮುಗಿಸುತ್ತ ಹೋದವರೇ ಕೊನೆಯವರೆಗೆ ತಲುಪುತ್ತಾರೆ. ನಂದಿಕೂರಿನ ಕಾರಿಗೆ ಎರಡು ವರ್ಷ ಸಾಲದೆ ಅಣ್ಣನವರಿಂದ ಆರು ತಿಂಗಳ ಗಡುವು ಬೇಡಬೇಕಾಯಿತು. ಮುಂಬಯಿಯವರು ಗಡುವು ಕೊಟ್ಟದ್ದಲ್ಲದೆ ಟೈರುಗಳ ಹಣವನ್ನೂ ಕಳುಹಿಸಿದರು. ಅಂಗಳ ದಾಟಿದ ದಿನ ತಾಯಿಯವರು ಹಿಂದಿನ ಸೀಟಿನಲ್ಲಿ, ಆ ತಗ್ಗಿನ ಪಕ್ಕದಲ್ಲಿ ಕುಳಿತರು.

ಹಟ್ಟಿಯಲ್ಲೋ ಶೆಡ್ಡಿನಲ್ಲೋ ಇಂತಹ ಕಾರೊಂದು ನಿಂತಿದ್ದು, ಈಗಲೇ ಕೈಹಚ್ಚಲು ಅನುಕೂಲವಿಲ್ಲದ ಓದುಗರು ಮುಂದಿನ ಮಳೆಗಾಲಕ್ಕೆ ಮುನ್ನ ಇಷ್ಟಾದರೂ ಮಾಡಿಡಬಹುದು. ಬ್ಯಾಟರಿಯನ್ನು ತೆಗೆದುಬಿಡಿ. ಪೆಟ್ರೋಲನ್ನು ಪೂರ್ತಿ ಖಾಲಿ ಮಾಡಿಸಿ. ಟೈರು ನೆಲಕ್ಕೆ ತಾಗದಂತೆ ಮರದ ದಿಮ್ಮಿಗಳ ಮೇಲೆ ಕಾರನ್ನು ಎತ್ತಿ ನಿಲ್ಲಿಸಿ. ಪ್ಲಗ್ಗಿನ ರಂಧ್ರಗಳಲ್ಲಿ ಒಂದೊಂದು ಚಮಚ ಎಂಜಿನ್ ಎಣ್ಣೆ ಹಾಕಿ ಮತ್ತೆ ಮುಚ್ಚಿ. ಪ್ಲಾಸ್ಟಿಕ್ ಟಾರ್ಪಾಲನ್ನು ಬಿಗಿದು ಕಟ್ಟಬೇಡಿ, ಅದರೊಳಗೆ ತೇವ ಬೆವರಿನಂತೆ ನಿಲ್ಲುತ್ತದೆ. ಹತ್ತಿಯ ಹಳೆಯ ಚಾದರ ಸಾಕು, ಕಿಟಕಿಯ ಗಾಜು ಒಂದು ಬೆರಳಿನಷ್ಟು ಕೆಳಗಿರಲಿ. ಬಿಸಿಲು ಬಂದ ದಿನ ನಾಲ್ಕೂ ಬಾಗಿಲು ತೆರೆದಿಡಿ. ಹೊಗೆ ಹೋಗುವ ಕೊಳವೆಯ ಬಾಯಿಗೆ ಬಟ್ಟೆ ತುರುಕಿ, ಇಲಿಗಳು ಮೊದಲು ಮನೆ ಮಾಡುವುದು ಅಲ್ಲಿಯೇ.