ಕೂಗುವ ಮೊದಲು ನೀರಿನ ಕಡೆ ನೋಡಿ



‘ಆರು ವರ್ಷದ ಮಗನಿಗೆ ಆಟಿಸಂ ಇದೆ. ಬಾಗಿಲು ಒಂದಿಷ್ಟು ತೆರೆದಿದ್ದರೆ ಸಾಕು, ಮಾಯವಾಗುತ್ತಾನೆ. ಎರಡು ಸಲ ಕೆರೆ ಏರಿಯ ಮೇಲೆ ಸಿಕ್ಕಿದ. ಮಗುವನ್ನು ನೋಡಿಕೊಳ್ಳಲು ಬಾರದವಳು ಅಂತ ಮನೆಯವರೆಲ್ಲ ನನ್ನನ್ನೇ ಅನ್ನುತ್ತಾರೆ’ ಎಂದು ಓದುಗರೊಬ್ಬರು ಬರೆದಿದ್ದಾರೆ.

ಇದು ನಿಮ್ಮ ತಪ್ಪಲ್ಲ ತಾಯಿ, ಹುಡುಗನ ತುಂಟತನವೂ ಅಲ್ಲ. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಆಟಿಸಂ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ನಾಲ್ಕು ವರ್ಷ ತುಂಬಿದ ಮೇಲೂ ಒಮ್ಮೆಯಾದರೂ ಹೀಗೆ ಹೊರಟುಹೋಗಲು ನೋಡಿದ್ದರು. ಇಷ್ಟವಾದದ್ದನ್ನು ಹುಡುಕಿಕೊಂಡೋ, ಗದ್ದಲ ತಾಳಲಾರದೆಯೋ ಹೋಗುತ್ತಾರೆ. ಎಷ್ಟೋ ಮಕ್ಕಳಿಗೆ ನೀರೆಂದರೆ ಪ್ರಾಣ. ಅದರ ಅಪಾಯ ಮಾತ್ರ ತಿಳಿಯದು. 15 ವರ್ಷದೊಳಗಿನ ಇಂಥ ಮಕ್ಕಳು ನೀರಿನಲ್ಲಿ ಮುಳುಗಿ ಸಾಯುವ ಸಂಭವ ಇತರ ಮಕ್ಕಳಿಗಿಂತ 160 ಪಟ್ಟು ಹೆಚ್ಚೆಂದು ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ತಿಳಿಸಿದರು.

ಹಾಗಂತ ಮಗುವನ್ನು ಕಟ್ಟಿಹಾಕಬೇಡಿ. ಮನೆಯನ್ನು ಭದ್ರ ಮಾಡಿ.

ಮನೆಯಲ್ಲಿ: ಮುಂಬಾಗಿಲು, ಹಿತ್ತಿಲ ಬಾಗಿಲು ಎರಡಕ್ಕೂ ಮಗುವಿನ ಕೈಗೆಟುಕದಷ್ಟು ಮೇಲೆ ಇನ್ನೊಂದು ಚಿಲಕ ಹಾಕಿಸಿ. ದೊಡ್ಡವರು ಥಟ್ಟನೆ ತೆಗೆಯುವಂತಿರಲಿ. ಬಾಗಿಲಿಗೊಂದು ಗಂಟೆ ಕಟ್ಟಿ, ತೆರೆದರೆ ಅಡುಗೆಮನೆಗೆ ಕೇಳಿಸಬೇಕು. ಬಾವಿಗೆ ಕಬ್ಬಿಣದ ಜಾಲರಿ, ಸಂಪಿನ ಮುಚ್ಚಳಕ್ಕೆ ಬೀಗ. ಬಕೆಟ್ಟು, ತೊಟ್ಟಿಗಳಲ್ಲಿ ನೀರು ತುಂಬಿಡಬೇಡಿ. ಪುಟ್ಟ ಮಗುವಿಗೆ ಅರ್ಧ ಬಕೆಟ್ ನೀರೂ ಅಪಾಯವೇ.

ಮದುವೆಮನೆ, ಜಾತ್ರೆಗಳಲ್ಲಿ: ‘ಎಲ್ಲರೂ ಇದ್ದಾರಲ್ಲ’ ಅಂದುಕೊಂಡಾಗಲೇ ಮಗುವಿನ ಮೇಲೆ ಯಾರ ಕಣ್ಣೂ ಇರುವುದಿಲ್ಲ. ‘ಈಗ ಅರ್ಧ ಗಂಟೆ ನೀವು ನೋಡಿಕೊಳ್ಳಿ’ ಎಂದು ಒಬ್ಬರಿಗೆ ಬಾಯಿಬಿಟ್ಟು ಹೇಳಿ ಒಪ್ಪಿಸಿ. ನಿಮ್ಮ ಫೋನ್ ನಂಬರನ್ನು ಅಂಗಿಯ ಒಳಮಡಿಕೆಗೆ ಹೊಲಿದಿಡಿ. ಅಕ್ಕಪಕ್ಕದವರಿಗೂ, ಮೂಲೆಯ ಅಂಗಡಿಯವರಿಗೂ ಹೇಳಿಡಿ. ಇದರಲ್ಲಿ ನಾಚಿಕೆ ಏನು ಬಂತು?

ಈಜು: ಕಲಿಸಿದರೆ ಒಳ್ಳೆಯದು. ಬಟ್ಟೆ ತೊಟ್ಟೇ ತೇಲುವುದನ್ನೂ ಅಭ್ಯಾಸ ಮಾಡಿಸಿ. ಆದರೆ ಈಜು ಬಂತೆಂದು ಕಾವಲು ಬಿಡಬೇಡಿ. ದಿನಾ ಒಂದೇ ಹೊತ್ತಿಗೆ, ನಿಮ್ಮ ಎದುರಿಗೆ ನೀರಾಟಕ್ಕೆ ಬಿಟ್ಟರೆ ಅದರ ಆಸೆಯೂ ತೀರುತ್ತದೆ. ನಡವಳಿಕೆ ತಿದ್ದುವ ಬಗ್ಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ಗಳಲ್ಲಿ ಸಲಹೆ ಕೇಳಬಹುದು.

ಮಗು ಕಾಣದಿದ್ದರೆ: ಹೆಸರು ಹಿಡಿದು ಬೀದಿ ಬೀದಿ ಕೂಗುತ್ತ ಹೊತ್ತು ಕಳೆಯಬೇಡಿ. ಇಂಥ ಎಷ್ಟೋ ಮಕ್ಕಳು ಓಗೊಡುವುದಿಲ್ಲ. ಮೊದಲು ನೀರಿನ ಕಡೆ ಓಡಿ: ಬಾವಿ, ಸಂಪು, ಕೆರೆ, ನಾಲೆ, ಕಲ್ಯಾಣಿ, ಕೃಷಿಹೊಂಡ. ಇನ್ನೊಬ್ಬರು ಅದೇ ಕ್ಷಣ 112ಕ್ಕೆ ಫೋನ್ ಮಾಡಲಿ. ಮಕ್ಕಳ ಸಹಾಯವಾಣಿ 1098. ನೀರಿಗೆ ಬಿದ್ದ ಮಗುವನ್ನು ಎತ್ತಿದ ಮೇಲೆ ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತುವುದು ಬೇಡ. ಉಸಿರಿಲ್ಲದಿದ್ದರೆ ಕೂಡಲೇ ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಎದೆ ಒತ್ತಿ, 108ಕ್ಕೆ ಕರೆ ಮಾಡಿಸಿ. ಈ ವಿಧಾನವನ್ನು ಆಸ್ಪತ್ರೆಯಲ್ಲಿ ಕೇಳಿ ಮೊದಲೇ ಕಲಿತಿರಿ.

ಈ ಭಾನುವಾರ ಯಜಮಾನರನ್ನೂ ಅತ್ತೆಯವರನ್ನೂ ಕರೆದುಕೊಂಡು ಮನೆಯ ಸುತ್ತ ಒಮ್ಮೆ ನಡೆದು ಬನ್ನಿ. ನೀರಿರುವ ಜಾಗಗಳನ್ನೆಲ್ಲ, ಹತ್ತಿರದ್ದು ಮೊದಲು ಬರುವಂತೆ, ಚೀಟಿಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ. ಗಾಬರಿಯ ಹೊತ್ತಿನಲ್ಲಿ ಯಾರು ಯಾವ ಕಡೆ ಓಡಬೇಕೆಂಬುದನ್ನೂ ಅದರಲ್ಲೇ ಬರೆದಿಡಿ.