ಗವಾಕ್ಷಿಯ ಕೆಳಗಿನ ಕಚೇರಿ

ಕಚೇರಿಗೆ ಹೊರಟವನು ಮನೆಯ ದೀಪವಾರಿಸಿ ಬಾಗಿಲು ಹಾಕಿಕೊಂಡು ಹೋಗುತ್ತಾನೆ. ಕಚೇರಿಯೇ ಮನೆಗೆ ಬಂದು ಕುಳಿತರೆ ದೀಪವನ್ನು ಆರಿಸುವವರು ಯಾರು? ಈ ಪ್ರಶ್ನೆ ನನ್ನನ್ನು ಕಾಡಿದ್ದು 2023ರ ಕೊನೆಯ ತಿಂಗಳುಗಳಲ್ಲಿ. ಕಾಡಿಸಿದವನು ಬೇರೆ ಯಾರೂ ಅಲ್ಲ, ನನ್ನ ಸ್ವಂತ ತಮ್ಮ.

ನಮ್ಮ ಊರು ಗದಗ ತಾಲ್ಲೂಕಿನ ಅಂತೂರ ಬೆಂತೂರ. ನಾನು ಗದಗಿನಲ್ಲಿ ಹುಡುಗರಿಗೆ ಕನ್ನಡ ಪಾಠ ಹೇಳಿಕೊಂಡಿರುವವನು; ತಮ್ಮ ಬೆಂಗಳೂರಿನ ಕಂಪನಿಯೊಂದರಲ್ಲಿ ಗಣಕಯಂತ್ರದ ಕೆಲಸ ಮಾಡುವವನು. ಅವ್ವನಿಗೆ ಮೊಣಕಾಲು ನೋವು ಹೆಚ್ಚಿದಾಗ, ಮನೆಯಿಂದಲೇ ಕೆಲಸ ಮಾಡಲು ಅಪ್ಪಣೆ ಪಡೆದು ಆ ವರ್ಷದ ಸೆಪ್ಟೆಂಬರಿನಲ್ಲಿ ಅವನು ಊರಿಗೆ ಬಂದ. ನಮ್ಮದು ಮಣ್ಣಿನ ಮಾಳಿಗೆಯ ಹಳೆಯ ಮನೆ. ಮಾತುಕತೆಗೆ ಸದ್ದು ಅಡ್ಡಬರಬಾರದೆಂದು ಅವನು ಒಳಗಿನ ಕತ್ತಲೆ ಕೋಣೆಯನ್ನು ಆರಿಸಿಕೊಂಡ. ಗೋಡೆಯಲ್ಲಿದ್ದ 60 ವ್ಯಾಟಿನ ಹಳೆಯ ಬಲ್ಬು ಬೆಳಗಿನಿಂದ ರಾತ್ರಿಯವರೆಗೆ ಉರಿಯತೊಡಗಿತು. ಅಷ್ಟೇ ಹಳೆಯ ಪಂಖ ಅದರ ಜೊತೆಗೆ ತಿರುಗತೊಡಗಿತು.

ಅಕ್ಟೋಬರಿನ ವಿದ್ಯುತ್ ಬಿಲ್ಲು ಬಂದ ದಿನ ನಾನು ಊರಿನಲ್ಲಿಯೇ ಇದ್ದೆ. ಅವ್ವ ಅದನ್ನು ನನ್ನ ಕೈಗಿತ್ತಳು.

“ಪುಕ್ಕಟ ಅಂದಿದ್ರಲ್ಲೋ, ಇದೇನ ಬರದಾರ ನೋಡು.”

“ಲೆಕ್ಕ ತಪ್ಪ್ಯಾರ, ಅಣ್ಣಾ,” ಎಂದು ಒಳಗಿನಿಂದಲೇ ತಮ್ಮನ ತೀರ್ಪು ಬಂತು.

ಲೆಕ್ಕ ತಪ್ಪಿರಲಿಲ್ಲ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ ಉಚಿತವೆಂದು ಎಲ್ಲರೂ ತಿಳಿದಿರುತ್ತಾರೆ. ಅದರ ಒಳಗಿನ ಕಟ್ಟಳೆಯನ್ನು ಗಮನಿಸುವವರು ಕಡಿಮೆ. 2022–23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದರ ಮೇಲೆ ನೂರಕ್ಕೆ 10ರಷ್ಟು ಸೇರಿಸಿ ಬರುವುದೇ ಆಗ ಆ ಮನೆಯ ಪಾಲಾಗಿತ್ತು. ಪಾಲು ಮೀರಿದ ಯೂನಿಟ್ಟುಗಳಿಗೆ ಹಣ ತೆರಬೇಕು. 200ನ್ನೇ ಮೀರಿದರೆ ಇಡೀ ಬಿಲ್ಲನ್ನು ತೆರಬೇಕು. ಅವ್ವ ಅಪ್ಪ ಇಬ್ಬರೇ ಇದ್ದ ಮನೆಯ ಸರಾಸರಿ 70 ಯೂನಿಟ್. ಆದುದರಿಂದ ಪಾಲು 77. ಆ ತಿಂಗಳು ಮೀಟರು ತೋರಿಸಿದ್ದು 156!

ಹಣ ದೊಡ್ಡದಾಗಿರಲಿಲ್ಲ, ತಮ್ಮನ ಸಂಬಳಕ್ಕೆ ಅದು ಲೆಕ್ಕಕ್ಕೇ ಇಲ್ಲ. “ನಾನs ಕಟ್ತೀನಿ, ಬಿಡ್ರಿ. ಇಷ್ಟಕ್ಕ್ಯಾಕ ಮಾತು?” ಎಂದು ಅವನು ಎದ್ದ. ಆಗ ಅದುವರೆಗೆ ಸುಮ್ಮನೆ ಕುಳಿತಿದ್ದ ಅಪ್ಪ ಮಾತನಾಡಿದರು.

“ರೊಕ್ಕ ನೀ ಕಟ್ಟತಿ, ಖರೆ. ಕರೆಂಟ್ ಯಾರ ಕೊಡ್ತಾರ? ಅದು ಬೇಕಾದಷ್ಟು ಇದ್ದಿದ್ರ ನಾ ಯಾಕ ರಾತ್ರಿಯೆಲ್ಲಾ ಹೊಲದಾಗ ಕಾಯ್ತಿದ್ದೆ?”

ತಮ್ಮ ನಿಂತಲ್ಲಿಯೇ ನಿಂತ.

ಆ ವರ್ಷದ ಮುಂಗಾರು ಕೈಕೊಟ್ಟಿದ್ದನ್ನು ಓದುಗರು ಮರೆತಿರಲಾರರು. ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾಗಿದ್ದವು. ಜಲಾಶಯಗಳು ತುಂಬದೆ ಜಲವಿದ್ಯುತ್ತು ಇಳಿಯಿತು. ಮಳೆಯಿಲ್ಲದೆ ಒಣಗುವ ಪೈರಿಗೆ ನೀರೆತ್ತುವ ಪಂಪುಗಳ ಬೇಡಿಕೆಯೋ ಏರಿತು. ಅಕ್ಟೋಬರಿನಲ್ಲಿ ಕೃಷಿ ಪಂಪುಗಳಿಗೆ ಕೊಡುತ್ತಿದ್ದ 7 ತಾಸಿನ ಪೂರೈಕೆ ಕೆಲಕಾಲ 5 ತಾಸಿಗೆ ಇಳಿದಿತ್ತು. ಮೆಣಸಿನ ಗಿಡಗಳನ್ನು ಉಳಿಸಿಕೊಳ್ಳಲು ಅಪ್ಪ ಕಂಬಳಿ ಹೊದ್ದು ಬಾವಿಯ ಬಳಿ ತ್ರೀಫೇಸಿನ ದಾರಿ ಕಾಯುತ್ತಿದ್ದ ರಾತ್ರಿಗಳವು. ಅದೇ ಹೊತ್ತಿನಲ್ಲಿ, ಯಾರೂ ಇಲ್ಲದ ಕೋಣೆಯಲ್ಲಿ ಮಗನ ದೀಪ ಉರಿಯುತ್ತಿತ್ತು.

ಕೋಣೆಯ ದೀಪವಾರಿಸಿದ ಮಾತ್ರಕ್ಕೆ ಹೊಲದ ಪಂಪು ತಿರುಗುತ್ತದೆಯೇ ಎಂದು ತರ್ಕಪ್ರಿಯರು ಕೇಳಬಹುದು. ಇಲ್ಲ, ಅಷ್ಟು ನೇರವಾದ ನಂಟು ಅಲ್ಲಿಲ್ಲ. ಆದರೆ ಶರಾವತಿಯ ನೀರಾಗಲಿ, ರಾಯಚೂರಿನಲ್ಲಿ ಉರಿಯುವ ಕಲ್ಲಿದ್ದಲಾಗಲಿ, ಕಪ್ಪತಗುಡ್ಡದ ಸಾಲಿನಲ್ಲಿ ತಿರುಗುವ ಗಾಳಿಯಂತ್ರಗಳಾಗಲಿ ಕೊಡುವುದು ಒಂದೇ ಕಣಜಕ್ಕೆ. ಆ ಗಾಳಿಯಂತ್ರಗಳೂ ಮುಂಗಾರಿನ ಗಾಳಿಗೆ ಹುರುಪಿನಿಂದ ತಿರುಗಿ, ಗಾಳಿ ಇಳಿದ ತಿಂಗಳುಗಳಲ್ಲಿ ಮಂದವಾಗುತ್ತವೆ. ಕಣಜ ಬರಿದಾಗುವ ಕಾಲದಲ್ಲಿ ಚೆಲ್ಲಿದ ಹಿಡಿಗಾಳಿಗೂ ಲೆಕ್ಕವುಂಟು. ಬಿಲ್ಲಿನಲ್ಲಿ ಸೊನ್ನೆ ಇದ್ದರೆ ವೆಚ್ಚವೇ ಆಗಿಲ್ಲವೆಂದು ಭಾವಿಸುವುದು ನಮ್ಮ ಕಾಲದ ದೊಡ್ಡ ಭ್ರಮೆ.

ಅಂದು ರಾತ್ರಿ ಅಣ್ಣತಮ್ಮಂದಿರಿಬ್ಬರೂ ನೋಟುಪುಸ್ತಕ ಹಿಡಿದು ಕುಳಿತೆವು. ಲೆಕ್ಕ ಸುಲಭ: 1000 ವ್ಯಾಟಿನ ಉಪಕರಣ ಒಂದು ತಾಸು ನಡೆದರೆ ಒಂದು ಯೂನಿಟ್. ತಿಂಗಳಿಗೆ 22 ಕೆಲಸದ ದಿನ, ದಿನಕ್ಕೆ 10 ತಾಸು ಎಂದು ಹಿಡಿದೆವು. ಬಲ್ಬಿಗೆ 13 ಯೂನಿಟ್. 75 ವ್ಯಾಟಿನ ಪಂಖಕ್ಕೆ ಹದಿನಾರೂವರೆ. ದೊಡ್ಡ ಪರದೆಯ ಗಣಕಯಂತ್ರ 120 ವ್ಯಾಟಿನಂತೆ 26. ಹಗಲಿರುಳು ಮಿಣುಕುವ ಇಂಟರ್‌ನೆಟ್ ಪೆಟ್ಟಿಗೆ 10 ವ್ಯಾಟಿನದಾದರೂ ತಿಂಗಳಿಗೆ 7 ಯೂನಿಟ್ ನುಂಗುತ್ತಿತ್ತು. ಎಲ್ಲಕ್ಕಿಂತ ಬೆರಗು ಹುಟ್ಟಿಸಿದ್ದು ಬಕೀಟಿನಲ್ಲಿ ನೀರು ಕಾಯಿಸುವ 1500 ವ್ಯಾಟಿನ ಹೀಟರು. ದಿನಕ್ಕೆ ಅರ್ಧ ತಾಸಾದರೆ ಮುಕ್ಕಾಲು ಯೂನಿಟ್, ಅಂದರೆ ಪಂಖ 10 ತಾಸು ತಿರುಗಿದಷ್ಟು! ತಿಂಗಳಿಗೆ ಇಪ್ಪತ್ತೆರಡೂವರೆ. ಕೂಡಿಸಿದರೆ ಸುಮಾರು 86. ಅವ್ವ ಅಪ್ಪನ 70 ಸೇರಿ 156. ಮೀಟರು ಸತ್ಯವಂತನೇ ಆಗಿತ್ತು.

“ಮನ್ಯಾಗ ಕೂತ್ರ ಬಸ್ಸು, ಕಾರು ಎಲ್ಲಾ ಉಳಿತಾವಲ್ಲ, ಅಣ್ಣಾ?” ಎಂದ ತಮ್ಮ. ಆ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಅಂತಾರಾಷ್ಟ್ರೀಯ ಇಂಧನ ಸಂಸ್ಥೆ 2020ರಲ್ಲಿ ಮಾಡಿದ ವಿಶ್ಲೇಷಣೆಯಂತೆ, ಒಂದು ಕಡೆಗೆ ಸುಮಾರು 6 ಕಿಲೋಮೀಟರಿಗಿಂತ ಹೆಚ್ಚು ದೂರ ಕಾರಿನಲ್ಲಿ ಹೋಗುವವನು ಮನೆಯಲ್ಲಿ ಕುಳಿತರೆ ಲೋಕಕ್ಕೆ ಲಾಭ. ದಾರಿ ಅದಕ್ಕಿಂತ ಚಿಕ್ಕದಾಗಿದ್ದರೆ ಅಥವಾ ಅವನು ಬಸ್ಸು ರೈಲುಗಳಲ್ಲಿ ಹೋಗುವವನಾಗಿದ್ದರೆ, ಮನೆಯ ಬಳಕೆ ಆ ಲಾಭವನ್ನು ತಿಂದುಹಾಕಲೂಬಹುದು. ನಮ್ಮವನು ಬೆಂಗಳೂರಿನಲ್ಲಿ ಮೆಟ್ರೊ ರೈಲಿನಲ್ಲಿ ಓಡಾಡುತ್ತಿದ್ದವನು. ವಾದ ಅಲ್ಲಿಗೆ ಮುಗಿಯಿತು.

ಮರುದಿನ ಪರಿಹಾರ ಸೂಚಿಸಿದವಳು ಅವ್ವ. “ಆ ಕತ್ತಲ ಕ್ವಾಣ್ಯಾಗ ಯಾಕ ಕುಂದರ್ತಿ? ಪಡಸಾಲ್ಯಾಗ ಗವಾಕ್ಷಿ ಕೆಳಗ ಕುಂದರು.” ನಮ್ಮ ಮಾಳಿಗೆಯ ಮನೆಗಳ ಸೂರಿನಲ್ಲಿ ಹಿರಿಯರು ಬಿಟ್ಟ ಗವಾಕ್ಷಿಯಿಂದ ಹಗಲೆಲ್ಲ ಬೆಳಕು ಸುಮ್ಮನೆ ಸುರಿಯುತ್ತಿರುತ್ತದೆ. ಮನೆಯಿಂದ ಕೆಲಸವೆಂಬುದು 2020ರ ದಿಗ್ಬಂಧನದೊಂದಿಗೆ ಹುಟ್ಟಿತೆಂದು ನಾವು ತಿಳಿದಿದ್ದೇವೆ. ಬೆಟಗೇರಿಯ ನೇಕಾರನ ಮಟ್ಟಿಗೆ ಅದು ತಲೆಮಾರುಗಳ ಬಾಳು. ಮನೆಯೊಳಗೆ ನೆಲ ತೋಡಿ ಕುಣಿಮಗ್ಗ ಹೂಡುವಾಗ ಅವನು ಮೊದಲು ನೋಡುವುದು ಬೆಳಕು ಎಲ್ಲಿ ಬೀಳುತ್ತದೆಂಬುದನ್ನು. ಬೆಳಕಿದ್ದಲ್ಲಿಗೆ ಮಗ್ಗ ಹೋಗಬೇಕೇ ಹೊರತು ಮಗ್ಗವಿದ್ದಲ್ಲಿಗೆ ಬೆಳಕಲ್ಲ. ಈ ವಿವೇಕವನ್ನು ನಮ್ಮ ವಿದ್ಯಾವಂತರು ಕಲಿಯಬೇಕಾಗಿದೆ.

ತಮ್ಮ ಪಡಸಾಲೆಗೆ ಬಂದ. ಬೆಳಕು ಪರದೆಗೆ ಹೊಡೆಯದಂತೆ ಮೇಜನ್ನು ಪಕ್ಕಕ್ಕೆ ತಿರುಗಿಸಿಕೊಂಡ. ಬಲ್ಬಿನ ಜಾಗಕ್ಕೆ 9 ವ್ಯಾಟಿನ ಎಲ್‌ಇಡಿ ಬಂತು, ಅದೂ ಸಂಜೆಯ 3 ತಾಸಿಗೆ ಮಾತ್ರ. ಗದಗಿನಿಂದ 30 ವ್ಯಾಟಿನ ಬಿಎಲ್‌ಡಿಸಿ ಪಂಖ ತಂದೆವು. ಚೀಲದಲ್ಲಿ ಮಲಗಿದ್ದ, 40 ವ್ಯಾಟಿನಲ್ಲಿ ನಡೆಯುವ ಲ್ಯಾಪ್‌ಟಾಪು ಹೊರಬಂದು ದೊಡ್ಡ ಪರದೆಗೆ ವಿಶ್ರಾಂತಿ ಕೊಟ್ಟಿತು. ಇಂಟರ್‌ನೆಟ್ ಪೆಟ್ಟಿಗೆ ರಾತ್ರಿ 8 ತಾಸು ಮಲಗಿತು. ಸ್ನಾನದ ನೀರಿನಲ್ಲಿ ಮಾತ್ರ ತಕರಾರು ಬಂತು. ಮನೆಯಲ್ಲೇ ಇರುವವನು ಮಾಳಿಗೆಯ ಮೇಲಿನ ತೊಟ್ಟಿಯಲ್ಲಿ ಬಿಸಿಲಿಗೆ ಕಾದ ನೀರನ್ನು ಮಧ್ಯಾಹ್ನ ಮೀಯಬಹುದಲ್ಲ ಎಂದೆ. “ಜಳಕ ಆಗದ ಒಲಿ ಮುಂದ ಬರಬ್ಯಾಡ,” ಎಂದಳು ಅವ್ವ. ಕೊನೆಗೆ ಹೀಟರಿಗೆ ಕಾಲು ತಾಸು ಸಾಕೆಂದು ರಾಜಿಯಾಯಿತು.

ಇನ್ನೊಂದು ಕಟ್ಟಳೆಯನ್ನು ನಾನು ಸೇರಿಸಿದೆ. ಗದುಗಿನ ವೀರನಾರಾಯಣ ದೇವಾಲಯದಲ್ಲಿ ಕುಮಾರವ್ಯಾಸನು ಉಟ್ಟ ಒದ್ದೆ ಬಟ್ಟೆ ಆರುವವರೆಗೆ ಮಾತ್ರ ಭಾರತವನ್ನು ರಚಿಸುತ್ತಿದ್ದನೆಂಬ ಐತಿಹ್ಯವಿದೆ. ಬಟ್ಟೆ ಆರಿತೆಂದರೆ ಅಂದಿನ ಕೆಲಸ ಮುಗಿಯಿತು. ಮನೆಯ ಕಚೇರಿಗೆ ಆ ಗಡಿಯಿಲ್ಲ. ಊಟದ ನಡುವೆಯೂ, ನಿದ್ದೆಯ ಮುಂಚೆಯೂ ಯಂತ್ರ ಎಚ್ಚರವಾಗಿರುತ್ತದೆ. ಯಂತ್ರದ ಶಕ್ತಿ ಮಾತ್ರವಲ್ಲ, ಮನುಷ್ಯನ ಶಕ್ತಿಯೂ ಹಾಗೆಯೇ ಸೋರುತ್ತದೆ. ಆದುದರಿಂದ ಸಂಜೆ ಕೆಲಸ ಮುಗಿದೊಡನೆ ಗೋಡೆಯ ಗುಂಡಿಯನ್ನೇ ಆರಿಸತಕ್ಕದ್ದೆಂದು ನಿಶ್ಚಯಿಸಿದೆವು.

ಮುಂದಿನ ಬಿಲ್ಲು 102 ಯೂನಿಟ್ ತೋರಿಸಿತು. ತಮ್ಮನ ಪಾಲಿನ 86 ಇಳಿದು 32 ಆಗಿತ್ತು. ಪಾಲಿಗಿಂತ ಹೆಚ್ಚಾದ 25 ಯೂನಿಟ್ಟಿಗೆ ಅವನೇ ಹಣ ತೆತ್ತ; ಆದರೆ ಈ ಸಲ “ಇಷ್ಟಕ್ಕ್ಯಾಕ ಮಾತು” ಎನ್ನಲಿಲ್ಲ.

ಇಂದಿಗೂ ಅವನ ಕಚೇರಿ ಪಡಸಾಲೆಯಲ್ಲಿಯೇ ನಡೆದಿದೆ. ಸೂರ್ಯ ಸರಿದಂತೆ ಗವಾಕ್ಷಿಯ ಬೆಳಕಿನ ಚೌಕ ನೆಲದ ಮೇಲೆ ಸರಿಯುತ್ತದೆ. ಅದರ ಹಿಂದೆ ಅವನ ಮೇಜೂ ಗೇಣುಗೇಣಾಗಿ ಸರಿಯುತ್ತದೆ. ಹೊಲದಿಂದ ಬಂದ ಅಪ್ಪ ಕಾಲು ತೊಳೆಯುತ್ತ ಒಳಗೊಮ್ಮೆ ಇಣುಕಿ ಕೇಳುತ್ತಾರೆ:

“ಏನಪಾ, ಇವತ್ತ ನಿನ್ನ ಆಫೀಸ್ ಎಲ್ಲೀತನಕ ಬಂತು?”